ಬೀಜಿಗೆ ಬರೆದ ಕಾಗದ

ಸ್ಯಾನ್ ಹೊಸೆಗೆ ಬಂದ ಮೊದಲ ವರ್ಷ ನನಗೆ ಹುಚ್ಚು ಹಿಡಿಯುತ್ತದೆಂದೇ ಅಂದುಕೊಂಡಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ಗಂಡನ ವೀಸಾಕ್ಕೆ ಅಂಟಿಕೊಂಡು ಬಂದವಳು; ಕೆಲಸ ಮಾಡುವಂತಿಲ್ಲ, ಕಾರು ಬಿಡಲು ಬಾರದು. ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದು ಹೋಗಬಹುದಾದ ಜಾಗಗಳೆಂದರೆ ಒಂದು ಗ್ರಾಸರಿ ಅಂಗಡಿ, ಒಂದು ಲೈಬ್ರರಿ, ಮೆಟ್ಟಿಲ ಕೆಳಗಿನ ಲಾಂಡ್ರಿ ಕೋಣೆ. ನಮ್ಮವರು ಬೆಳಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೆ ಬರುತ್ತಿದ್ದರು. ಬಂದವರು ಕಂಪ್ಯೂಟರ್ ಚಿಪ್ಪುಗಳ ಬಗ್ಗೆ ಮಾತಾಡುತ್ತಿದ್ದರು. ಹಗಲಿಡೀ ನಾನು ಫ್ರಿಜ್ಜಿನ ಜೊತೆ ಮಾತಾಡುತ್ತಿದ್ದೆ, ತಮಾಷೆಗೆ ಹೇಳುತ್ತಿಲ್ಲ.

ನಮ್ಮ ಕೆಳಗಿನ ಮನೆಯಲ್ಲಿ ಒಂದು ಸಿಖ್ ಕುಟುಂಬವಿತ್ತು. ಮಗ ಲಾರಿ ಓಡಿಸುತ್ತಿದ್ದ, ಸೊಸೆ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಬೆಸುಗೆ ಹಾಕುತ್ತಿದ್ದಳು. ಹಗಲು ಮನೆಯಲ್ಲಿರುತ್ತಿದ್ದವರು ಮುದುಕ ಮುದುಕಿ ಇಬ್ಬರೇ. ಎಲ್ಲರೂ ಅವರನ್ನು ಬಾವೂಜಿ, ಬೀಜಿ ಎನ್ನುತ್ತಿದ್ದರು. ನಮ್ಮಲ್ಲಿ ತಾತ, ಅಜ್ಜಿ ಎನ್ನುವ ಹಾಗೆ. ಬೀಜಿ ನನಗೆ ಸಿಕ್ಕಿದ್ದು ಲಾಂಡ್ರಿ ಕೋಣೆಯಲ್ಲಿ. ಅವರು ಪಂಜಾಬಿಯಲ್ಲಿ ಏನೋ ಕೇಳಿದರು, ನಾನು ಬೆಂಗಳೂರಿನ ಸ್ಕೂಲಿನಲ್ಲಿ ಕಲಿತ ಹಿಂದಿಯಲ್ಲಿ ಏನೋ ಹೇಳಿದೆ. ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ಇಬ್ಬರೂ ನಕ್ಕೆವು. ಒಂದು ವರ್ಷದಲ್ಲಿ ಮೊದಲ ಸಲ ನಾನು ಇನ್ನೊಬ್ಬ ಹೆಂಗಸಿನ ಜೊತೆ ನಕ್ಕಿದ್ದು ಅಂದೇ.

ಅವರ ಭಾಷೆ ಕಲಿಯಬೇಕೆನ್ನಿಸಿತು. ಲೈಬ್ರರಿಗೆ ಹೋದೆ. ಪಂಜಾಬಿ ಕಲಿಸುವ ಪುಸ್ತಕ ಇರಲಿಲ್ಲ. ಉರ್ದು ಕಲಿಸುವುದು ಒಂದಿತ್ತು. ಎರಡೂ ಅಕ್ಕಪಕ್ಕದವೇ ಅಲ್ಲವೇ ಎಂದು ಅದನ್ನೇ ತಂದೆ. ನಮ್ಮವರು ನೋಡಿ, "ಡ್ರೈವಿಂಗು ಕಲಿ ಅಂದ್ರೆ ಉರ್ದು ಕಲೀತಾಳಂತೆ. ಅದನ್ನ ಕಲ್ತು ಫ್ರೀವೇಲಿ ಏನ್ ಮಾಡ್ತೀಯ?" ಅಂದರು.

ಬಾವೂಜಿ ಮಾತ್ರ ಆ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ದೇಶ ಒಡೆಯುವ ಮೊದಲು ಅವರು ಈಗ ಪಾಕಿಸ್ತಾನದಲ್ಲಿರುವ ಒಂದು ಊರಲ್ಲಿ ಜಮೀನಿನ ಲೆಕ್ಕ ಬರೆಯುವ ಗುಮಾಸ್ತರಾಗಿದ್ದವರು. ಆ ಕಾಲದ ಪಂಜಾಬಿನಲ್ಲಿ ಗಂಡುಮಕ್ಕಳಿಗೆ ಸ್ಕೂಲೆಂದರೆ ಉರ್ದು, ಕಚೇರಿಯೆಂದರೆ ಉರ್ದು. "ಉರ್ದು ಕಲಿ ಪುತ್ತರ್. ಪಂಜಾಬಿ ತಾನಾಗೇ ಹಿಂದೆ ಬರುತ್ತೆ. ಪಂಜಾಬಿ ಬಾಯಿಗೆ, ಉರ್ದು ಕೈಗೆ. ಪಂಜಾಬೀನ ಯಾರಾದ್ರೂ ಬರೀತಾರೇನು?" ಎಂದರು. ಪುತ್ತರ್ ಅಂದರೆ ಮಗು. ಹೆಣ್ಣನ್ನೂ ಹಾಗೇ ಕರೆಯುತ್ತಾರೆ.

ಒಲೆಯ ಮುಂದಿದ್ದ ಬೀಜಿ ತಿರುಗದೆಯೇ ಹೇಳಿದರು: "ನಾನು ಬರೀತೀನಲ್ಲ, ನಾನು ಯಾರೂ ಅಲ್ವೇನು? ಉರ್ದು ಕಲಿತ್ರೆ ತಹಸೀಲ್ದಾರನ ಜೊತೆ ಮಾತಾಡ್ಬಹುದು. ಎಮ್ಮೆ ಜೊತೆ ಮಾತಾಡೋಕೆ ಪಂಜಾಬೀನೇ ಬೇಕು."

ಹೀಗೆ ನನಗೆ ಇಬ್ಬರು ಮೇಷ್ಟ್ರುಗಳಾದರು. ಬೆಳಗ್ಗೆ ಹತ್ತರಿಂದ ಹನ್ನೊಂದು, ಊಟದ ಮೇಜಿನ ಮೇಲೆ ಬಾವೂಜಿಯ ಉರ್ದು. ಹನ್ನೊಂದರ ಮೇಲೆ, ಅಡುಗೆಮನೆಯಲ್ಲಿ ಬೀಜಿಯ ಪಂಜಾಬಿ. ಬಾವೂಜಿ ಬೈಯುತ್ತಿದ್ದರು, ತಿದ್ದುತ್ತಿದ್ದರು, ಒಂದೇ ಅಕ್ಷರವನ್ನು ಐವತ್ತು ಸಲ ಬರೆಸುತ್ತಿದ್ದರು. ಬೀಜಿ ಏನನ್ನೂ ಕಲಿಸುತ್ತಿರಲಿಲ್ಲ. ಸುಮ್ಮನೆ ಮಾತಾಡುತ್ತಿದ್ದರು, ಮೆಂತ್ಯ ಸೊಪ್ಪು ಬಿಡಿಸಲು ಕೊಡುತ್ತಿದ್ದರು. ಬರಬರುತ್ತಾ ಅವರಂತೆಯೇ ನಿಟ್ಟುಸಿರಿಡುವುದೂ ನನಗೆ ಬಂತು. ಪಂಜಾಬಿ ಬರೆಯುವ ಗುರುಮುಖಿ ಅಕ್ಷರಗಳನ್ನು ಹಿಟ್ಟು ಉದುರಿಸಿದ ಕಲ್ಲಿನ ಮೇಲೆ ಬೆರಳಲ್ಲಿ ಬರೆದು ತೋರಿಸಿದರು. ಒಂದು ತಿಂಗಳಲ್ಲಿ ಕಲಿತುಬಿಟ್ಟೆ. ಕನ್ನಡ ಬಲ್ಲವರಿಗೆ ಅದು ಕಷ್ಟವಲ್ಲ, ಕ ಖ ಗ ಘ ಅದೇ ಸಾಲು. ಉರ್ದು ಹಾಗಲ್ಲ. ಅರ್ಧಕ್ಕರ್ಧ ಸ್ವರಗಳನ್ನು ಬರೆಯುವುದೇ ಇಲ್ಲ; ಪದ ಮೊದಲೇ ಗೊತ್ತಿದ್ದರೆ ಮಾತ್ರ ಓದಬಹುದು. ಕಲಿಯುವವಳಿಗೆ ಪದ ಗೊತ್ತಿರುವುದಾದರೂ ಎಲ್ಲಿಂದ?

ಬೆಳಗಿನ ಪ್ರಾರ್ಥನೆಗೆ ಅವರಿಬ್ಬರೂ ಅಕ್ಕಪಕ್ಕ ಕೂರುತ್ತಿದ್ದರು. ಒಮ್ಮೆ ಬೇಗ ಹೋದಾಗ ನೋಡಿದೆ. ಒಂದೇ ಪ್ರಾರ್ಥನೆ, ಪುಸ್ತಕ ಎರಡು. ಬೀಜಿಯದು ಎಡದಿಂದ ಬಲಕ್ಕೆ ಗುರುಮುಖಿಯಲ್ಲಿ, ಬಾವೂಜಿಯದು ಅದೇ ಮಾತು ಬಲದಿಂದ ಎಡಕ್ಕೆ ಉರ್ದು ಅಕ್ಷರದಲ್ಲಿ. ಅಂದು ನನಗೆ ವಿಷಯ ತಿಳಿಯಿತು. ಹೆಣ್ಣುಮಕ್ಕಳಿಗೆ ಗುರುದ್ವಾರದಲ್ಲಿ ಗುರುಮುಖಿ ಕಲಿಸಿದ್ದರು, ಗಂಡುಮಕ್ಕಳಿಗೆ ಸ್ಕೂಲಿನಲ್ಲಿ ಉರ್ದು. ಮದುವೆಯಾಗಿ ನಲವತ್ತು ವರ್ಷದ ಮೇಲಾಗಿತ್ತು. ಗಂಡ ಬರೆದದ್ದನ್ನು ಹೆಂಡತಿ ಓದಲಾರಳು, ಹೆಂಡತಿ ಬರೆದದ್ದನ್ನು ಗಂಡ ಓದಲಾರ.

ನನ್ನ ಹಾಸ್ಟೆಲ್ಲಿನ ರೂಮ್‌ಮೇಟ್ ಉಡುಪಿ ಕಡೆಯವಳು. ಅಮ್ಮನ ಜೊತೆ ತುಳುವಿನಲ್ಲಿ ಜಗಳವಾಡುತ್ತಿದ್ದಳು, ಕಾಗದ ಮಾತ್ರ ಕನ್ನಡದಲ್ಲಿ ಬರೆಯುತ್ತಿದ್ದಳು. ಹಾಗಾಗಿ ಆಡುವ ಭಾಷೆ ಒಂದು, ಬರೆಯುವ ಭಾಷೆ ಇನ್ನೊಂದು ಎನ್ನುವುದು ನನಗೆ ಹೊಸದಲ್ಲ. ಆದರೆ ಆ ಅಮ್ಮ ಮಗಳ ಕಾಗದವನ್ನು ತಾನೇ ಓದುತ್ತಿದ್ದಳು.

"ಬಾವೂಜಿ ಬೇರೆ ಊರಿಗೆ ವರ್ಗವಾದಾಗ ಕಾಗದ ಹೇಗೆ ಬರೀತಿದ್ರಿ?" ಎಂದು ಬೀಜಿಯನ್ನು ಕೇಳಿದೆ.

"ನನಗೆ ಎಲ್ಲಿ ಬರೀತಿದ್ರು? ಮಾವನಿಗೆ ಬರೀತಿದ್ರು. ಮಾವ ಅಂಗಳದಲ್ಲಿ ಕೂತು ಎಲ್ಲರಿಗೂ ಕೇಳೋ ಹಾಗೆ ಓದೋರು. ಕೊನೇ ಸಾಲು ನಂದು. 'ಎಮ್ಮೆಯನ್ನು ಚೆನ್ನಾಗಿ ನೋಡಿಕೊಳ್ಳಲು ಮನೆಯಲ್ಲಿ ತಿಳಿಸಿ.' ಅಷ್ಟೆ. ಮಾವ ಸತ್ತ ಮೇಲೆ ಮೈದುನ ಓದಿದ. ಆಮೇಲೆ ಪೋಸ್ಟ್ ಮಾಸ್ತರ." ಬೀಜಿ ನಗುತ್ತಲೇ ಹೇಳಿದರು. ಬಾವೂಜಿ ಕಿಟಕಿಯ ಕಡೆ ನೋಡುತ್ತಿದ್ದರು. ಅಪ್ಪ ಓದುವ ಕಾಗದದಲ್ಲಿ ಯಾವ ಗಂಡಸು ತಾನೆ ಹೆಂಡತಿಗೆ ಮನಸ್ಸಿನ ಮಾತು ಬರೆದಾನು?

ಎರಡನೆಯ ವರ್ಷ ಬಾವೂಜಿಯ ದನಿ ಒಡೆಯಿತು. ನೆಗಡಿ ಎಂದುಕೊಂಡೆವು. ಕ್ಯಾನ್ಸರ್ ಎಂದರು. ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿ, ಉಸಿರಾಡಲು ಕತ್ತಿನಲ್ಲಿ ಒಂದು ತೂತು ಮಾಡಿ ಮನೆಗೆ ಕಳಿಸಿದರು. ಬದುಕಿದ್ದರು, ನಡೆಯುತ್ತಿದ್ದರು, ಕೈ ಗಟ್ಟಿಯಾಗಿತ್ತು. ಮಾತು ಮಾತ್ರ ಇರಲಿಲ್ಲ.

ಆಸ್ಪತ್ರೆಯಲ್ಲಿ ಅವರನ್ನು ಕಟ್ಟಿಹಾಕಿದ್ದ ರೀತಿಯನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಟ್ಯೂಬು ಕಿತ್ತುಕೊಂಡಾರೆಂದು ಎರಡೂ ಕೈಯನ್ನು ಮಂಚಕ್ಕೆ ಬಿಗಿದಿದ್ದರಂತೆ. ದನಿಯೂ ಇಲ್ಲ, ಬರೆಯಲು ಕೈಯೂ ಇಲ್ಲ. ಎರಡು ದಿನ. ಮನೆಗೆ ಬಂದ ಮೇಲೆ ಅವರು ಬರೆದ ಮೊದಲ ಚೀಟಿ ಅದರ ಬಗ್ಗೆಯೇ ಇತ್ತು, ಓದಿದ್ದು ನಾನೇ.

ಈಗ ಆ ಮನೆಗೆ ನಾನು ಬೇಕಾದೆ. ಮಗ, ಸೊಸೆ ಇಬ್ಬರೂ ದೇಶ ಒಡೆದ ಮೇಲೆ ಓದಿದವರು, ಅವರಿಗೆ ಉರ್ದು ಅಕ್ಷರ ಬಾರದು. ಆ ವರ್ಷಗಳಲ್ಲಿ ಪಂಜಾಬಿನ ಸುದ್ದಿ ಕೆಟ್ಟದಾಗಿತ್ತು; ಹಿಂದೂ ಹೆಂಗಸೊಬ್ಬಳು ದಿನವೂ ಮನೆಗೆ ಬರುವುದು ಮಗನಿಗೆ ಹಿಡಿಸುತ್ತಿರಲಿಲ್ಲ. ಆದರೂ ಬಾಗಿಲು ತೆರೆಯುತ್ತಿದ್ದ, ಬೇರೆ ದಾರಿಯಿರಲಿಲ್ಲ. ಬಾವೂಜಿ ಬರೆದು ಕೊಡುವರು. ನಾನು ಉರ್ದುವಿನಲ್ಲಿ ಓದುವೆ. ತಪ್ಪಿದರೆ ಅವರು ತಿದ್ದಲು ಕೈ ಎತ್ತುವರು. ಬೀಜಿಗೆ ಸರಳ ಉರ್ದು ಕೇಳಿದರೆ ಅರ್ಥವಾಗುತ್ತಿತ್ತು, ಆದರೆ ಸಹಿಸುತ್ತಿರಲಿಲ್ಲ. "ಕೋರ್ಟಿನ ನೋಟೀಸ್ ಓದಿದ ಹಾಗಿದೆ. ನಮ್ಮ ಮಾತಲ್ಲಿ ಹೇಳು," ಎನ್ನುವರು. ಕೆಲವು ವಾರದಲ್ಲಿ ನಾನು ಚೀಟಿ ನೋಡಿ ನೇರವಾಗಿ ಪಂಜಾಬಿಯಲ್ಲೇ ಹೇಳತೊಡಗಿದೆ.

ಒಂದು ದಿನ ಬಾವೂಜಿ ಬರೆದರು: ಈ ಗಂಜಿಯನ್ನು ನಾಯಿಯೂ ಮೂಸುವುದಿಲ್ಲ. ನಾನು ಬೀಜಿಗೆ, "ಸ್ವಲ್ಪ ಬಿಸಿಯಿದ್ರೆ ಚೆನ್ನಾಗಿರ್ತಿತ್ತಂತೆ," ಎಂದೆ. ಬಾವೂಜಿ ನನ್ನನ್ನೇ ನೋಡಿದರು. ಕೈ ಎತ್ತಲಿಲ್ಲ. ಅಲ್ಲಿಂದ ನನಗೆ ಧೈರ್ಯ ಬಂತು.

ಬೀಜಿ ಒಮ್ಮೆ ನನ್ನ ಕೈ ಹಿಡಿದು ಕೇಳಿದರು: "ನಿನಗೆ ಗುರುಮುಖಿ ಬರುತ್ತಲ್ಲ. ಅವರಿಗೆ ಕಲಿಸು. ಮೂವತ್ತೈದು ಅಕ್ಷರ. ನಾನು ಕಲಿಸ್ತೀನಿ ಅಂದ್ರೆ ಅವರ ತಲೇ ಮೇಲಿನ ಪಗಡಿ ಒಪ್ಪಲ್ಲ. ನೀನಾದ್ರೆ ಕೇಳ್ತಾರೆ. ಆಮೇಲೆ ನೇರ ನನಗೇ ಬರೀತಾರೆ."

"ಆಯ್ತು ಬೀಜಿ, ಮುಂದಿನ ವಾರ," ಎಂದೆ.

ಕಲಿಸಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಬಿಟ್ಟು ಉಳಿದದ್ದನ್ನು ಬರೆದರೆ ಅದು ಸುಳ್ಳಾಗುತ್ತದೆ. ಆ ಬುದ್ಧಿವಂತ ಮುದುಕ ಹದಿನೈದು ದಿನದಲ್ಲಿ ಕಲಿಯುತ್ತಿದ್ದರು. ಕಲಿತರೆ ನಾನು ಯಾರಿಗೆ ಬೇಕು? ಆ ದೇಶದಲ್ಲಿ ನಾನಿಲ್ಲದೆ ನಡೆಯದ ಒಂದೇ ಒಂದು ಕೆಲಸ ಅದಾಗಿತ್ತು. ಬೀಜಿ ಬಾಗಿಲಲ್ಲಿ ಕಾಯುತ್ತಿದ್ದರು, ಬಾವೂಜಿ ಗಡಿಯಾರ ನೋಡುತ್ತಿದ್ದರು. ಅದು ನನ್ನ ತಲೆಗೇರಿತ್ತು. ಮುಂದಿನ ವಾರ, ಮುಂದಿನ ವಾರ ಎಂದು ನಾಲ್ಕು ತಿಂಗಳು ತಳ್ಳಿದೆ. ಬೀಜಿ ಎರಡು ಸಲ ನೆನಪಿಸಿ ಸುಮ್ಮನಾದರು.

ಅಷ್ಟರಲ್ಲಿ ರೋಗ ಶ್ವಾಸಕೋಶಕ್ಕೆ ಇಳಿಯಿತು. ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲಿರಲಿ, ಉಸಿರು ಕಟ್ಟಿದರೆ ಫೋನ್ ಮಾಡಿ ಎಂದು ಡಾಕ್ಟರು ಕಳಿಸಿದರು. ಅದೇ ಹೊತ್ತಿಗೆ ಫಾಸ್ಟರ್ ಸಿಟಿಯಲ್ಲಿದ್ದ ನನ್ನ ಗೆಳತಿಗೆ ಹೆರಿಗೆಯಾಯಿತು. ಅವಳ ತಾಯಿಗೆ ವೀಸಾ ಸಿಕ್ಕಿರಲಿಲ್ಲ; ಬಾಣಂತನಕ್ಕೆ ಬಾ ಎಂದು ಫೋನಿನಲ್ಲಿ ಅತ್ತಳು. ಬಾವೂಜಿಗೆ ಹೇಳಿದೆ: "ಗುರುವಾರ ಸಂಜೆ ಬಂದುಬಿಡ್ತೀನಿ. ಶುಕ್ರವಾರ ಹತ್ತು ಗಂಟೆಗೆ ಎಂದಿನ ಹಾಗೆ." ಅವರು ತಲೆಯಾಡಿಸಿದರು.

ಗುರುವಾರ ನಾನು ಗೆಳತಿಯ ಮನೆಯಿಂದ ಹೊರಡಲಿಲ್ಲ. ಶನಿವಾರ ಮಗುವಿಗೆ ನಾಮಕರಣವಿತ್ತು, ಇಪ್ಪತ್ತು ಜನ ಕನ್ನಡದವರು ಬರುವವರಿದ್ದರು. ಮಂಡ್ಯದವರು, ಹಾಸನದವರು, ಹುಬ್ಬಳ್ಳಿಯ ಒಬ್ಬ ಅಜ್ಜಿ. ಹೊಟ್ಟೆ ತುಂಬ ಕನ್ನಡ ಮಾತಾಡಿ ಎಷ್ಟು ಕಾಲವಾಗಿತ್ತು! "ಇರೇ, ಸಂಡೇ ಹೋಗುವಿಯಂತೆ, ಏನ್ ಕಂಪ್ನಿ ಮುಳುಗೋಗತ್ತೆ?" ಎಂದಳು ಗೆಳತಿ. ನಮ್ಮವರಿಗೆ ಫೋನ್ ಮಾಡಿ, ಕೆಳಗಿನ ಮನೆಗೆ ತಿಳಿಸಿ ಎಂದೆ. ಅವರು ತಿಳಿಸಿದ್ದು ಶುಕ್ರವಾರ ಸಂಜೆ. ಆಗ ಬಾಗಿಲಿಗೆ ಬಂದವರು ಬೀಜಿ; ಬಾವೂಜಿ ಒಳಕೋಣೆಯಲ್ಲಿದ್ದರು.

ಭಾನುವಾರ ಮಧ್ಯಾಹ್ನ ನಾನು ಬಂದಾಗ ಅವರ ಬಾಗಿಲ ಮುಂದೆ ಚಪ್ಪಲಿಗಳ ರಾಶಿಯಿತ್ತು. ಬಾವೂಜಿ ಹಿಂದಿನ ದಿನ ಹೋಗಿಬಿಟ್ಟಿದ್ದರು. ಶನಿವಾರ ಬೆಳಗ್ಗೆ ಉಸಿರು ಕಟ್ಟಿತಂತೆ. ಬೀಜಿ ಕಿರುಚಿ ಮಗನನ್ನು ಕರೆದರಂತೆ, ಬೇಗ ಫೋನ್ ಮಾಡು ಎಂದು ಅವರೇ ಅವನ ಕೈಗೆ ಫೋನು ಕೊಟ್ಟರಂತೆ. ಆಂಬ್ಯುಲೆನ್ಸಿನವರು ಬಂದು ಬಾವೂಜಿಯನ್ನು ಪಟ್ಟಿಗಳಲ್ಲಿ ಬಿಗಿದು ಎತ್ತಿಕೊಂಡು ಹೋದರು. ಜೊತೆಗೆ ಹತ್ತಲು ಬೀಜಿಯನ್ನು ಬಿಡಲಿಲ್ಲ. ಮಗ ಕಾರಿನಲ್ಲಿ ಕೂರಿಸಿಕೊಂಡು ಹಿಂದೆ ಹೋದ. ಅವರು ತಲುಪುವ ಮೊದಲೇ ಆಸ್ಪತ್ರೆಯಲ್ಲಿ ಎಲ್ಲ ಮುಗಿದಿತ್ತು.

ಬಂದವರೆಲ್ಲ ಹೋದ ಮೇಲೆ, ನಾಲ್ಕೈದು ದಿನ ಕಳೆದು, ಬೀಜಿ ನನ್ನನ್ನು ಒಬ್ಬಳನ್ನೇ ಕರೆದರು. ಮಂಚದ ಮೇಲೆ ಕೂರಿಸಿ ಬಾಗಿಲು ಹಾಕಿದರು. ಕಮೀಜಿನ ಒಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದರು. ಬೆವರಿಗೆ ಅಂಚು ಮೆತ್ತಗಾಗಿತ್ತು.

"ಗುರುವಾರ ಬರೆದ್ರು. ಒಂದು ಗಂಟೆ ಬರೆದ್ರು. ಯಾವಾಗಲೂ ಮೇಜಿನ ಮೇಲೆ ಇಡೋರು, ನಿನಗೆ ಅಂತ. ಇದನ್ನ ನನ್ನ ಕೈಯಲ್ಲಿ ಇಟ್ಟು ಬೆರಳು ಮಡಿಸಿದ್ರು."

"ಯಾರ ಹತ್ರಾನೂ ಓದಿಸಲಿಲ್ವಾ? ಗುರುದ್ವಾರದಲ್ಲಿ ಅಷ್ಟು ಜನ ಹಿರಿಯರಿದ್ದಾರೆ, ಉರ್ದು ಬಲ್ಲವರು."

ಬೀಜಿಯ ಮುಖ ಕೆಂಪಾಯಿತು. ಎಪ್ಪತ್ತರ ಹತ್ತಿರದ ಹೆಂಗಸು, ಹೊಸ ಮದುವಣಗಿತ್ತಿಯಂತೆ ದುಪಟ್ಟ ಎಳೆದುಕೊಂಡರು. "ಗಂಡನ ಕಾಗದ ಗಂಡಸರ ಕೈಲಿ ಓದಿಸಿ ಓದಿಸಿ ಸಾಕಾಗಿದೆ ಪುತ್ತರ್. ಇದು ನನಗೆ ಬರೆದದ್ದು. ಮಗ ಕೇಳ್ದ, ತೋರಿಸಲಿಲ್ಲ. ನೀನು ಬರ್ಲಿ ಅಂತ ಕಾದೆ."

ಕಾಗದ ಬಿಚ್ಚಿದೆ. ಮೊದಲ ಸಾಲು ಓದಲು ತಿಣುಕಿದೆ, ಆಮೇಲೆ ಕಣ್ಣು ತಾನಾಗಿ ಓಡಿತು. ಬೀಜಿ ನನ್ನ ತುಟಿಯನ್ನೇ ನೋಡುತ್ತಿದ್ದರು. ಆ ಮುಖ ನೋಡಿ ನಾನು ಮಾಡಿದ್ದೇನೆಂದರೆ, ಗಂಜಿಯ ದಿನ ಮಾಡಿದ್ದನ್ನೇ. ಕಾಗದದ ಮೇಲೆ ಬೆರಳೋಡಿಸುತ್ತಾ ಪಂಜಾಬಿಯಲ್ಲಿ ಹೇಳಿದೆ: ನಿನ್ನ ಕೈಯ ರೊಟ್ಟಿಯಲ್ಲೇ ನನ್ನ ಆಯಸ್ಸು ಕಳೆಯಿತು. ನಿನ್ನಂಥವಳು ಸಿಕ್ಕಿದ್ದು ನನ್ನ ಪುಣ್ಯ. ಹೋಗುವವನಿಗೆ ಏನೂ ಕಷ್ಟವಿಲ್ಲ, ನೀನು ಅಳಬೇಡ, ಹೊತ್ತಿಗೆ ಸರಿಯಾಗಿ ಉಣ್ಣು.

ಬೀಜಿ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದರು.

"ಇದು ನನ್ನ ಪಂಜಾಬಿ. ನನ್ನ ಅಡುಗೆಮನೇಲಿ ಕೂತು ನೀನು ನನ್ನಿಂದ ಕಲಿತದ್ದು. ನಮ್ಮ ಕಡೆ ಹೆಂಗಸರು ಹೆಂಗಸರಿಗೆ ಹೀಗೆ ಹೇಳ್ತಾರೆ, ಸಾವಿನ ಮನೇಲಿ. ಗಂಡಸು ಯಾವನೂ ಹೀಗೆ ಮಾತಾಡಲ್ಲ. ಅವರು ಬರೆದದ್ದು ಓದು. ಅವರ ಭಾಷೇಲಿ ಓದು."

"ಬೀಜಿ, ಬೇಡ."

"ಓದು."

ಓದಿದೆ. ಬಾವೂಜಿ ಕಲಿಸಿದ ಉರ್ದುವಿನಲ್ಲಿ, ತಪ್ಪುತ್ತಾ ತಡವರಿಸುತ್ತಾ, ತಿದ್ದಲು ಕೈ ಎತ್ತುವವರಿಲ್ಲದೆ ಓದಿದೆ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

'ಇಲ್ಲಿ ಎಲ್ಲವೂ ಕ್ಷೇಮ. ತಮ್ಮ ಕ್ಷೇಮವನ್ನು ಭಗವಂತನಲ್ಲಿ ಬೇಡುತ್ತೇನೆ. ತಮ್ಮಲ್ಲಿ ಒಂದು ವಿನಂತಿ. ನನ್ನನ್ನು ಮತ್ತೆ ಆ ಆಸ್ಪತ್ರೆಗೆ ಕಳಿಸಬಾರದು. ಅಲ್ಲಿ ನನ್ನ ಕೈ ಕಟ್ಟುತ್ತಾರೆ. ಉಸಿರು ನಿಲ್ಲುವಾಗ ತಾವು ಯಾರನ್ನೂ ಕರೆಯಬಾರದು. ಮಗ ಕೇಳುವುದಿಲ್ಲ, ಆದ್ದರಿಂದ ತಮ್ಮನ್ನು ಮಾತ್ರ ಕೇಳುತ್ತಿದ್ದೇನೆ. ಈ ಕೋಣೆಯಲ್ಲಿ ತಾವು ನನ್ನ ಬಳಿ ಕುಳಿತಿದ್ದರೆ ಸಾಕು. ನಾಳೆ ಹುಡುಗಿ ಬಂದು ಇದನ್ನು ಓದಿ ಹೇಳುತ್ತಾಳೆ. ಆಮೇಲೆ ನಾನು ಈ ಕಾಗದದ ಕಡೆ ಬೆರಳು ತೋರಿಸುತ್ತೇನೆ. ತಮಗೆ ಒಪ್ಪಿಗೆಯಿದ್ದರೆ ತಲೆಯಾಡಿಸಿ. ನಾನು ನಿಶ್ಚಿಂತೆಯಿಂದಿರುತ್ತೇನೆ.'

ಪಕ್ಕದ ಕೋಣೆಯಲ್ಲಿ ಸೊಸೆ ವ್ಯಾಕ್ಯೂಮ್ ಹಾಕುತ್ತಿದ್ದಳು. ಬೀಜಿ ಕೊನೆಯ ಸಾಲುಗಳನ್ನು ಇನ್ನೊಮ್ಮೆ ಓದೆಂದರು. ಓದಿದೆ. ಅವರು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಬಲದಿಂದಲೂ ಎಡದಿಂದಲೂ ನೋಡಿದರು.

"ಶುಕ್ರವಾರ ಸಂಜೆ, ನಿನ್ನ ಗಂಡನ್ನ ಬಾಗಿಲಲ್ಲೇ ಕಳಿಸಿ ಒಳಗೆ ಹೋದಾಗ ಬೆರಳು ತೋರಿಸಿದ್ರು," ಎಂದರು. "ಓದಿಸಿದೆಯಾ ಅಂತ ಕೇಳ್ತಿದ್ದಾರೆ ಅಂದ್ಕೊಂಡೆ. ಇಲ್ಲ ಅಂದ್ರೆ ನೊಂದ್ಕೋತಾರೆ ಅಂತ ಹೂಂ ಅಂತ ತಲೆ ಆಡಿಸ್ದೆ. ನಕ್ಕರು ಪುತ್ತರ್. ನನ್ನ ಕೈ ಹಿಡ್ಕೊಂಡು ನಿದ್ದೆ ಹೋದ್ರು."